ಶ್ರೀ ತೆಗೆಯಲು ಹೋಗಿ ರಾಮೇಗೌಡರ ತಲೆ ಹಾರಿತು: ಸ್ಟ್ರಿಂಗ್ ಸವರುವ ಪುಟ್ಟ ಫಂಕ್ಷನ್‌ಗಳು

ಮಂಡ್ಯದ ಹತ್ತಿರ ನಮ್ಮೂರು. ವಾರವೆಲ್ಲ ಮೈಸೂರಿನಲ್ಲಿ ಕೆಲಸ, ಶನಿವಾರ ಊರಿಗೆ. ಕಂಪ್ಯೂಟರ್ ಗೊತ್ತಿರುವವನು ಊರಿಗೆ ಬಂದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಒಬ್ಬರ ಪ್ರಿಂಟರ್ ನಿಂತಿರುತ್ತೆ, ಇನ್ನೊಬ್ಬರ ಮೊಬೈಲ್ ತುಂಬಿರುತ್ತೆ. ಹಾಗೇ ಒಂದು ಶನಿವಾರ ನಮ್ಮ ಕಡೆಯ ಒಂದು ಹಾಲಿನ ಸಂಘದ ಕಾರ್ಯದರ್ಶಿ ಪೆನ್‌ಡ್ರೈವ್ ಕೈಗಿಟ್ಟು, 'ಮೆಂಬರ್‌ಗಳ ಹೆಸ್ರೆಲ್ಲ ಒಂದ್ಸಲ ನೀಟಾಗಿ ಮಾಡ್ಕೊಡು ಮಗ' ಅಂದರು.

ಎಕ್ಸೆಲ್ ಫೈಲ್. ಕೆಲವು ಹೆಸರಿನ ಮುಂದೆ ಶ್ರೀ, ಕೆಲವಕ್ಕೆ ಇಲ್ಲ. ಕೆಲವದರ ಹಿಂದೆ ಎರಡು ಮೂರು ಸ್ಪೇಸ್. ಕೊನೆಯಲ್ಲಿ ಕಾಮಾ, ಚುಕ್ಕಿ. ಐದು ನಿಮಿಷದ ಕೆಲಸ ಅಂದುಕೊಂಡೆ. ಪೈಥಾನ್‌ನಲ್ಲಿ ಒಂದೇ ಒಂದು ಸಾಲು ಬರೆದೆ. ಮೊದಲ ಹತ್ತು ಹೆಸರು ನೋಡಿದೆ, ಚೆನ್ನಾಗಿತ್ತು. ಪ್ರಿಂಟ್ ತೆಗೆದು ಕೊಟ್ಟು ಬಸ್ ಹತ್ತಿದೆ.

ಮಾರನೇ ದಿನ ಫೋನ್. 'ಲೇ ಮಗ, ಇದೇನ್ಲಾ, ರಾಮೇಗೌಡ್ರ ತಲೆನೇ ಹಾರ್ಸ್‌ಬುಟ್ಟಿದ್ದೀಯಲ್ಲ?'

ಪಟ್ಟಿಯಲ್ಲಿ 'ರಾಮೇಗೌಡ' ಇರಬೇಕಾದ ಕಡೆ 'ಾಮೇಗೌಡ' ಅಂತ ಇತ್ತು. ಮೊದಲಿಗೆ ಚುಕ್ಕಿಚುಕ್ಕಿಯ ಒಂದು ಉಂಗುರ, ಅದರ ಪಕ್ಕ ದೀರ್ಘ. 'ಶಿವಣ್ಣ' ಹೋಗಿ 'ಿವಣ್ಣ' ಆಗಿತ್ತು. ಎಲ್ಲಕ್ಕಿಂತ ಮೋಸದ್ದು 'ರಮೇಶ'. ಅದು 'ಮೇಶ' ಆಗಿತ್ತು. ಉಂಗುರವೂ ಇಲ್ಲ, ಏನೂ ಇಲ್ಲ. ಓದಿದರೆ ಯಾರದೋ ಹೆಸರು ಇರಬಹುದು ಅನ್ನಿಸುತ್ತೆ. (ಹೆಸರುಗಳನ್ನೆಲ್ಲ ಇಲ್ಲಿಗಾಗಿ ಬದಲಿಸಿದ್ದೇನೆ. ತಪ್ಪು ಮಾತ್ರ ಅಸಲಿ.)

ತಪ್ಪು ನನ್ನದೇ. ಅದನ್ನು ಸರಿಮಾಡಲು ಕೂತಾಗ ಬರೆದ ಪುಟ್ಟ ಫಂಕ್ಷನ್‌ಗಳೇ ಈ ಲೇಖನ. ನಿಮ್ಮ ಹತ್ತಿರವೂ ಇಂಥ ಒಂದು ಪಟ್ಟಿ ಇದ್ದರೆ ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ.

ಸವರುವುದು ಅಂದರೆ ಏನು

ಕಬ್ಬು ಕಡಿಯುವುದನ್ನು ನೋಡಿದ್ದೀರಲ್ಲ. ಬುಡಕ್ಕೆ ಒಂದು ಏಟು, ತುದಿಯ ಸೋಗೆಗೆ ಒಂದು ಏಟು. ನಡುವಿನ ಜಲ್ಲೆಗೆ ಮಚ್ಚು ತಾಗಿಸುವುದಿಲ್ಲ. ಸ್ಟ್ರಿಂಗ್ ಅಂದರೆ ಅಕ್ಷರಗಳ ಸಾಲು; ಅದನ್ನು ಟ್ರಿಮ್ ಮಾಡುವುದೂ ಇಷ್ಟೇ. ಎರಡು ತುದಿಯಲ್ಲಿ ಬೇಡದ್ದನ್ನು ತೆಗೆಯುತ್ತಾ ಹೋಗು. ಬೇಕಾದ ಮೊದಲ ಅಕ್ಷರ ಸಿಕ್ಕ ತಕ್ಷಣ ನಿಲ್ಲು. ಬೇಲಿ ಸವರಿದ ಹಾಗೆ ಅಂತ ನಾನು ಇದಕ್ಕೆ 'ಸವರು' ಅಂತಲೇ ಹೆಸರಿಟ್ಟಿದ್ದೇನೆ.

ನಡುವೆ ಇರುವುದನ್ನು ಬದಲಾಯಿಸುವುದು ಬೇರೆ ಕೆಲಸ. 'ಕೆ.ಆರ್. ಪೇಟೆ.' ಅಂತ ಇದ್ದರೆ ಕೊನೆಯ ಚುಕ್ಕಿ ಮಾತ್ರ ಕಸ. ಒಳಗಿನ ಎರಡು ಚುಕ್ಕಿ ಊರಿನ ಹೆಸರಿಗೇ ಸೇರಿದ್ದು. ಎಲ್ಲ ಚುಕ್ಕಿಯನ್ನೂ ರಿಪ್ಲೇಸ್ ಮಾಡಿ ಒಗೆದರೆ 'ಕೆಆರ್ ಪೇಟೆ' ಉಳಿಯುತ್ತೆ. ಆಮೇಲೆ ಇನ್ನೊಂದು ಪಟ್ಟಿಯ ಜೊತೆ ತಾಳೆ ನೋಡಿದರೆ ಕೂಡುವುದಿಲ್ಲ.

ಕೋಡ್ ಅನ್ನು ನಾನು ಇಲ್ಲಿ ಕನ್ನಡದಲ್ಲೇ ಹಂತಗಳಾಗಿ ಬರೆದಿದ್ದೇನೆ. ಪೈಥಾನ್, ಜಾವಾಸ್ಕ್ರಿಪ್ಟ್, ಜಾವಾ, ನಿಮಗೆ ಯಾವುದು ಬರುತ್ತೋ ಅದಕ್ಕೆ ಇಳಿಸಿಕೊಳ್ಳಿ. ಸುಮ್ನೆ ಒಂದು ಮಾತು: ಪೈಥಾನ್ 3ರಲ್ಲಿ ಫಂಕ್ಷನ್ ಮತ್ತು ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು, ಓಡುತ್ತೆ. ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನವೇ.

ಮೊದಲು ಎಡಗಡೆ

ಎಡಗಡೆ ಸವರುವ ಫಂಕ್ಷನ್‌ಗೆ ಎರಡು ವಸ್ತು ಕೊಡಬೇಕು. ಒಂದು ಪಠ್ಯ, ಇನ್ನೊಂದು ಕಸದ ಅಕ್ಷರಗಳ ಗುಂಪು.

ಫಂಕ್ಷನ್ ಎಡಸವರು(ಪಠ್ಯ, ಕಸ):
    ಜಾಗ = 0
    ಜಾಗ < ಉದ್ದ(ಪಠ್ಯ) ಮತ್ತು ಪಠ್ಯ[ಜಾಗ] ಕಸದಲ್ಲಿ ಇರುವತನಕ:
        ಜಾಗ = ಜಾಗ + 1
    ಕೊಡು ಪಠ್ಯ[ಜಾಗದಿಂದ ಕೊನೆವರೆಗೆ]

ಮೂರನೇ ಸಾಲನ್ನು ಇನ್ನೊಮ್ಮೆ ನೋಡಿ. ಉದ್ದದ ಪರೀಕ್ಷೆ ಮೊದಲು, ಕಸದ ಪರೀಕ್ಷೆ ಆಮೇಲೆ. ಈ ಕ್ರಮ ತಿರುಗಿಸಿ ಬರೆದರೂ ಹೆಚ್ಚಿನ ಹೆಸರುಗಳಿಗೆ ಏನೂ ಆಗುವುದಿಲ್ಲ. ಯಾವುದೋ ಒಂದು ಸೆಲ್‌ನಲ್ಲಿ ಬರೀ ಸ್ಪೇಸ್ ಇರುತ್ತೆ ನೋಡಿ, ಅಲ್ಲಿಗೆ ಬಂದಾಗ ಕಸ ಮುಗಿದು, ಪಠ್ಯವೂ ಮುಗಿದು, ಇಲ್ಲದ ಅಕ್ಷರವನ್ನು ಕೇಳುತ್ತೆ. ಪೈಥಾನ್ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತೆ. ಬರೀ ಸ್ಪೇಸ್ ಇರುವ ಸೆಲ್ ಇಲ್ಲದ ಎಕ್ಸೆಲ್ ಫೈಲನ್ನು ನಾನಂತೂ ಇನ್ನೂ ನೋಡಿಲ್ಲ.

ಇನ್ನೊಂದು ವಿಷಯ. ಒಂದೊಂದೇ ಅಕ್ಷರ ಕತ್ತರಿಸಿ, ಪ್ರತಿ ಸಲ ಹೊಸ ಸ್ಟ್ರಿಂಗ್ ಮಾಡುವ ಹಾಗೂ ಇದನ್ನು ಬರೆಯಬಹುದು. ಹಲವರು ಹಾಗೇ ಬರೆಯುತ್ತಾರೆ. ಆದರೆ ಪ್ರತಿ ಸಲವೂ ಉಳಿದ ಪಠ್ಯವೆಲ್ಲ ಕಾಪಿ ಆಗುತ್ತೆ. ಎಲ್ಲಿ ಕತ್ತರಿಸಬೇಕು ಅಂತ ಮೊದಲು ಎಣಿಸಿಕೊಂಡು, ಕೊನೆಗೆ ಒಂದೇ ಏಟು ಹಾಕುವುದು ಒಳ್ಳೆಯದು.

ಬಲಗಡೆಗೂ ಇದೇ ಲೆಕ್ಕ, ಹಿಂದಿನಿಂದ.

ಫಂಕ್ಷನ್ ಬಲಸವರು(ಪಠ್ಯ, ಕಸ):
    ಕೊನೆ = ಉದ್ದ(ಪಠ್ಯ)
    ಕೊನೆ > 0 ಮತ್ತು ಪಠ್ಯ[ಕೊನೆ - 1] ಕಸದಲ್ಲಿ ಇರುವತನಕ:
        ಕೊನೆ = ಕೊನೆ - 1
    ಕೊಡು ಪಠ್ಯ[0 ಇಂದ ಕೊನೆವರೆಗೆ, ಕೊನೆ ಸೇರದೆ]

ಎರಡನ್ನೂ ಸೇರಿಸಿದರೆ ಮೂರನೆಯದು.

ಫಂಕ್ಷನ್ ಸವರು(ಪಠ್ಯ, ಕಸ):
    ಪಠ್ಯ ಇಲ್ಲವೇ ಇಲ್ಲ ಎಂದಾದರೆ: ಅದನ್ನು ಹಾಗೇ ಕೊಡು
    ಕೊಡು ಬಲಸವರು(ಎಡಸವರು(ಪಠ್ಯ, ಕಸ), ಕಸ)

'ಇಲ್ಲವೇ ಇಲ್ಲ' ಅನ್ನುವ ಸಾಲು ಯಾಕೆ ಅಂದರೆ, ಖಾಲಿ ಸೆಲ್ ಬೇರೆ, ಖಾಲಿ ಸ್ಟ್ರಿಂಗ್ ಬೇರೆ. ಎಕ್ಸೆಲ್ ಫೈಲನ್ನು ಪೈಥಾನಿನ ಲೈಬ್ರರಿಯಾದ ಪಾಂಡಾಸ್‌ನಲ್ಲಿ ಓದಿದರೆ ಖಾಲಿ ಸೆಲ್ 'ನ್ಯಾನ್' ಅನ್ನುವ ಒಂದು ಬೆಲೆಯಾಗಿ ಬರುತ್ತೆ. ಅದನ್ನು ಬಲವಂತವಾಗಿ ಸ್ಟ್ರಿಂಗ್ ಮಾಡಿ ಸವರಿದರೆ, ನಿಮ್ಮ ಸಂಘದಲ್ಲಿ ನ್ಯಾನ್ ಅನ್ನುವ ಹೊಸ ಮೆಂಬರ್ ಹುಟ್ಟಿಕೊಳ್ಳುತ್ತಾನೆ. ಅವನಿಗೆ ಹಾಲಿನ ದುಡ್ಡು ಕೊಡಬೇಕಾಗುತ್ತೆ.

ಕಲಿಯುವವರೆಲ್ಲ ಒಮ್ಮೆಯಾದರೂ ಬೀಳುವ ಗುಂಡಿ ಇನ್ನೊಂದಿದೆ. ಪೈಥಾನ್, ಜಾವಾಸ್ಕ್ರಿಪ್ಟ್, ಜಾವಾ ಮೂರರಲ್ಲೂ ಸ್ಟ್ರಿಂಗ್ ಒಮ್ಮೆ ಹುಟ್ಟಿದರೆ ಬದಲಾಗುವುದಿಲ್ಲ. ಸವರಿದಾಗ ಸಿಗುವುದು ಹೊಸ ಸ್ಟ್ರಿಂಗ್. ಅದನ್ನು ಯಾವುದಾದರೂ ಹೆಸರಿಗೆ ಕಟ್ಟಿ ಇಟ್ಟುಕೊಳ್ಳದಿದ್ದರೆ, ಫಂಕ್ಷನ್ ಕರೆದಿದ್ದೂ ಒಂದೇ, ಕರೆಯದೇ ಇದ್ದಿದ್ದೂ ಒಂದೇ.

ನಾನು ಬರೆದಿದ್ದ ಆ ಒಂದು ಸಾಲು

ಈಗ ರಾಮೇಗೌಡರ ವಿಷಯಕ್ಕೆ ಬರೋಣ. ಪೈಥಾನ್‌ನಲ್ಲಿ ಎಡಗಡೆ ಸವರಲು ಎಲ್‌ಸ್ಟ್ರಿಪ್ ಅಂತ ಸಿದ್ಧ ಮೆಥಡ್ ಇದೆ. ಮೇಲೆ ಬರೆದ ಎಡಸವರು ಮಾಡುವ ಕೆಲಸವನ್ನೇ ಅದೂ ಮಾಡುತ್ತೆ. ನಾನು ಅದಕ್ಕೆ 'ಶ್ರೀ' ಮತ್ತು ಒಂದು ಸ್ಪೇಸ್ ಕೊಟ್ಟೆ. ನನ್ನ ಮನಸ್ಸಿನಲ್ಲಿ ಇದ್ದದ್ದು 'ಶ್ರೀ ಅನ್ನುವ ಪದ ತೆಗಿ'. ಅದಕ್ಕೆ ಕೇಳಿಸಿದ್ದು 'ಈ ಗುಂಪಿನ ಯಾವ ಅಕ್ಷರ ಸಿಕ್ಕರೂ ತೆಗೀತಾ ಹೋಗು'.

ಕಂಪ್ಯೂಟರ್ ಕಣ್ಣಿಗೆ ಶ್ರೀ ಒಂದು ಅಕ್ಷರ ಅಲ್ಲ. ಲಿಪಿಯ ಒಂದೊಂದು ತುಂಡಿಗೂ ಒಂದು ಸಂಖ್ಯೆ ಕೊಡುವ ಪದ್ಧತಿಗೆ ಯೂನಿಕೋಡ್ ಅನ್ನುತ್ತಾರೆ. ಯೂನಿಕೋಡ್‌ನಲ್ಲಿ ಅದು ನಾಲ್ಕು ತುಂಡು: ಶ, ಅದರ ಕೆಳಗಿನ ಹಲಂತ, ರ, ಮತ್ತು ಈ-ಕಾರದ ಗುಣಿತ. ಸ್ಪೇಸ್ ಸೇರಿ ಗುಂಪಿನಲ್ಲಿ ಐದು. 'ಶ್ರೀ ರಾಮೇಗೌಡ' ಬಂದಾಗ ಶ ಹೋಯಿತು, ಹಲಂತ ಹೋಯಿತು, ರ ಹೋಯಿತು, ಗುಣಿತ ಹೋಯಿತು, ಸ್ಪೇಸ್ ಹೋಯಿತು. ಮುಂದೆ ರಾ. ಅದರಲ್ಲಿ ಮೊದಲು ರ. ಅದೂ ಗುಂಪಿನಲ್ಲಿ ಇದೆಯಲ್ಲ, ಹೋಯಿತು. ಅದರ ದೀರ್ಘ ಗುಂಪಿನಲ್ಲಿ ಇಲ್ಲ, ಅಲ್ಲಿ ನಿಂತಿತು. ರುಂಡ ಹೋಗಿ ದೀರ್ಘ ಉಳಿಯಿತು.

ಚಿಕ್ಕೇಗೌಡ, ನಿಂಗಮ್ಮ, ಬೋರೇಗೌಡ ಇವರಿಗೆಲ್ಲ ಏನೂ ಆಗಲಿಲ್ಲ. ಶ ಅಥವಾ ರ ಇಂದ ಶುರುವಾಗುವ ಹೆಸರಿಗೆ ಮಾತ್ರ ಏಟು. ಪಟ್ಟಿ ಅಕಾರಾದಿಯಾಗಿ ಇದ್ದದ್ದರಿಂದ ಮೊದಲ ಹತ್ತು ಸಾಲಿನಲ್ಲಿ ಅಂಥ ಹೆಸರು ಬರಲೇ ಇಲ್ಲ.

ತಾಲ್ಲೂಕಿನ ಕಾಲಂನಲ್ಲೂ ಇದೇ ಕಥೆ ನಡೆದಿತ್ತು, ಇನ್ನೂ ಗುಟ್ಟಾಗಿ. 'ಮದ್ದೂರು ತಾಲ್ಲೂಕು' ಅನ್ನುವುದರಿಂದ ಹಿಂದಿನ ಪದ ತೆಗೆಯಲು ಬಲಗಡೆಯ ಆರ್‌ಸ್ಟ್ರಿಪ್ ಬಳಸಿದ್ದೆ. 'ತಾಲ್ಲೂಕು' ಪದದಲ್ಲಿ ಉ-ಕಾರದ ಗುಣಿತ ಇದೆ. ಅದು ತಾಲ್ಲೂಕು ತೆಗೆದು, ಸ್ಪೇಸ್ ತೆಗೆದು, ಮದ್ದೂರಿನ ಕೊನೆಯ ಗುಣಿತವನ್ನೂ ಎತ್ತಿಕೊಂಡು ಹೋಯಿತು. ಉಳಿದದ್ದು 'ಮದ್ದೂರ'. ಕನ್ನಡ ಓದುವವರಿಗೆ ಇದರಲ್ಲಿ ತಪ್ಪು ಕಾಣುವುದೇ ಇಲ್ಲ. ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ ಎಲ್ಲ ಸರಿ ಇವೆ. ಮದ್ದೂರು ಒಂದಕ್ಕೆ ಮಾತ್ರ ಕೊಂಬು ಮುರಿದಿದೆ.

ಫೋನ್ ನಂಬರ್‌ಗೆ ಬಂದರೆ ಇನ್ನೂ ಅಪಾಯ. ಮುಂದಿನ '+91' ತೆಗೆಯಲು ಇದೇ ದಾರಿ ಹಿಡಿದರೆ ಗುಂಪಿನಲ್ಲಿ +, 9, 1 ಇರುತ್ತವೆ. ಅದರ ಮುಂದಿನ ನಂಬರ್ 99 ಇಂದ ಶುರುವಾಗಿದ್ದರೆ ಆ ಎರಡು 9 ಕೂಡ ಹೋಗುತ್ತವೆ. 10 ಅಂಕಿ ಇರಬೇಕಾದ ಕಡೆ 8 ಅಂಕಿ. ನಮ್ಮ ಕಡೆ 9 ಇಂದ ಶುರುವಾಗುವ ನಂಬರ್ ಎಷ್ಟು ಜಾಸ್ತಿ ಅಂತ ನಿಮ್ಮ ಫೋನ್ ತೆಗೆದು ನೋಡಿ.

ಪದ ತೆಗೆಯುವುದಕ್ಕೆ ಬೇರೆಯದೇ ಫಂಕ್ಷನ್

ಪರಿಹಾರ ಸುಲಭ. ಗುಂಪು ಸವರುವುದು ಒಂದು ಫಂಕ್ಷನ್, ಪದ ತೆಗೆಯುವುದು ಇನ್ನೊಂದು. ಎರಡನ್ನೂ ಒಂದರಲ್ಲೇ ತುರುಕಿ, ಮೂರನೇ ಆಯ್ಕೆ ಕೊಟ್ಟು, ಜಾಣತನ ತೋರಿಸಲು ಹೋಗಬೇಡಿ. ಆರು ತಿಂಗಳಾದ ಮೇಲೆ ನಿಮಗೇ ಅರ್ಥ ಆಗುವುದಿಲ್ಲ.

ಫಂಕ್ಷನ್ ಮುಂಪದ_ತೆಗೆ(ಪಠ್ಯ, ಮುಂಪದ):
    ಪಠ್ಯ ಮುಂಪದದಿಂದಲೇ ಶುರುವಾಗಿದ್ದರೆ:
        ಕೊಡು ಪಠ್ಯ[ಉದ್ದ(ಮುಂಪದ) ಇಂದ ಕೊನೆವರೆಗೆ]
    ಕೊಡು ಪಠ್ಯ

ಫಂಕ್ಷನ್ ಹಿಂಪದ_ತೆಗೆ(ಪಠ್ಯ, ಹಿಂಪದ):
    ಪಠ್ಯ ಹಿಂಪದದಿಂದ ಮುಗಿದಿದ್ದರೆ:
        ಕೊಡು ಪಠ್ಯ[0 ಇಂದ ಉದ್ದ(ಪಠ್ಯ) - ಉದ್ದ(ಹಿಂಪದ) ವರೆಗೆ]
    ಕೊಡು ಪಠ್ಯ

ಎರಡನೆಯದರಲ್ಲಿ ಉದ್ದದಿಂದ ಉದ್ದ ಕಳೆದಿದ್ದೇನೆ. ಪೈಥಾನ್ ಬಲ್ಲವರು ಇಲ್ಲಿ ಶಾರ್ಟ್‌ಕಟ್ ಹಿಡಿದು ಮೈನಸ್ ಇಂಡೆಕ್ಸ್ ಬಳಸುತ್ತಾರೆ. ಹಿಂಪದ ಖಾಲಿ ಬಂದ ದಿನ ಮೈನಸ್ ಸೊನ್ನೆ ಬರೀ ಸೊನ್ನೆ ಆಗುತ್ತೆ, ಸೊನ್ನೆಯಿಂದ ಸೊನ್ನೆವರೆಗೆ ಅಂದರೆ ಏನೂ ಉಳಿಯುವುದಿಲ್ಲ. ಏನೂ ತೆಗೆಯಬೇಡ ಅಂದರೆ ಪೂರ್ತಿ ಪಠ್ಯವನ್ನೇ ತೆಗೆದುಬಿಡುತ್ತೆ.

ಪೈಥಾನ್ ಬಳಸುವವರು ಇವನ್ನು ಕೈಯಾರೆ ಬರೆಯಬೇಕಿಲ್ಲ. 2020ರಲ್ಲಿ ಬಂದ ಪೈಥಾನ್ 3.9ರಲ್ಲಿ ರಿಮೂವ್‌ಪ್ರಿಫಿಕ್ಸ್, ರಿಮೂವ್‌ಸಫಿಕ್ಸ್ ಅಂತ ಎರಡು ಮೆಥಡ್ ಸೇರಿವೆ. ಸೇರಿಸಿದ ಕಾರಣವೇ ಇದು: ಎಲ್‌ಸ್ಟ್ರಿಪ್ ಪದ ತೆಗೆಯುತ್ತೆ ಅಂದುಕೊಂಡು ಜಗತ್ತಿನ ತುಂಬ ಜನ ಮತ್ತೆ ಮತ್ತೆ ಎಡವುತ್ತಿದ್ದರು. ಓದಿದಾಗ ಸ್ವಲ್ಪ ಸಮಾಧಾನ ಆಯಿತು.

ಈಗ ಮುಂಪದ ಏನು ಕೊಡಬೇಕು? ಬರೀ 'ಶ್ರೀ' ಕೊಟ್ಟರೆ ಶ್ರೀನಿವಾಸ ಹೋಗಿ ನಿವಾಸ ಆಗುತ್ತಾನೆ. ಶ್ರೀಮತಿ ನಿಂಗಮ್ಮ ಹೋಗಿ 'ಮತಿ ನಿಂಗಮ್ಮ' ಆಗುತ್ತಾರೆ. ಶ್ರೀರಂಗಪಟ್ಟಣ ಬರೀ ರಂಗಪಟ್ಟಣ. ಅದಕ್ಕೇ ಮುಂಪದದ ಜೊತೆ ಸ್ಪೇಸ್ ಸೇರಿಸಿ ಕೊಡಿ. ನನ್ನ ಪಟ್ಟಿಯಲ್ಲಿ ಇದ್ದದ್ದು ನಾಲ್ಕು: ಸ್ಪೇಸ್ ಇರುವ 'ಶ್ರೀಮತಿ ', ಸ್ಪೇಸ್ ಇರುವ 'ಶ್ರೀ ', ಚುಕ್ಕಿ ಇರುವ 'ಶ್ರೀ.', ಮತ್ತು 'ಲೇಟ್ '. ಯಾರೋ ಸ್ಪೇಸೂ ಇಲ್ಲದೆ ಚುಕ್ಕಿಯೂ ಇಲ್ಲದೆ 'ಶ್ರೀರಾಮೇಗೌಡ' ಅಂತ ಟೈಪ್ ಮಾಡಿದ್ದರೆ? ಅದನ್ನು ಮುಟ್ಟಬೇಡಿ. ಹಾಗೆ ಹೆಸರು ಇದ್ದರೂ ಇರಬಹುದು. ಊರಿನವರನ್ನು ಕೇಳಿ.

ಒಂದು ಹೆಸರಿಗೆ ಒಂದೇ ಸಲ ತೆಗೆಯಿರಿ, ಸಿಗುವತನಕ ಲೂಪ್ ಹಾಕಬೇಡಿ ಅಂತ ನನ್ನ ಸಲಹೆ. ಮೆಂಬರ್ ಪಟ್ಟಿಗೆ ಏನೂ ತೊಂದರೆ ಆಗಲಿಕ್ಕಿಲ್ಲ. ಆದರೆ ಇದೇ ಫಂಕ್ಷನ್ ನಾಳೆ ಆಹ್ವಾನ ಪತ್ರಿಕೆಯ ಪಟ್ಟಿಗೆ ಹೋದರೆ? ಮಠದ ಸ್ವಾಮೀಜಿಗಳಿಗೆ ಒಂದು ಶ್ರೀ ಸಾಲುವುದಿಲ್ಲ.

'ರಾಮೇಗೌಡ ಬಿನ್ ಲೇಟ್ ಚಿಕ್ಕೇಗೌಡ' ಅನ್ನುವ ಥರದ ಸಾಲುಗಳೂ ಇರುತ್ತವೆ. ನಡುವಿನ 'ಬಿನ್', 'ಕೋಂ' ಇವು ಸವರುವ ಕೆಲಸಕ್ಕೆ ಬರುವುದಿಲ್ಲ. ಮೊದಲು ' ಬಿನ್ ' ಸಿಕ್ಕ ಕಡೆ ಎರಡು ಭಾಗ ಮಾಡಿ, ಆಮೇಲೆ ಒಂದೊಂದು ಭಾಗವನ್ನೂ ಬೇರೆ ಬೇರೆ ಸವರಿ.

ಕಣ್ಣಿಗೆ ಕಾಣದ ಕಸ

ಇಷ್ಟೆಲ್ಲ ಸರಿಮಾಡಿ ಮತ್ತೆ ಓಡಿಸಿದೆ. ಆದರೂ ಕೆಲವು ಹೆಸರಿನ ಮುಂದಿನ ಶ್ರೀ ಜಗ್ಗಲಿಲ್ಲ. ಕಣ್ಣಿಗೆ ಸ್ಪೇಸ್ ಕಾಣುತ್ತಿದೆ, ಫಂಕ್ಷನ್‌ಗೆ ಕಾಣುತ್ತಿಲ್ಲ. ಒಂದೊಂದೇ ಅಕ್ಷರದ ಕೋಡ್ ಸಂಖ್ಯೆ ಪ್ರಿಂಟ್ ಮಾಡಿ ನೋಡಿದಾಗ ಗೊತ್ತಾಯಿತು. ಇಂಥ ಕಡೆ ಬೇರೆ ದಾರಿ ಇಲ್ಲ, ಸಂಖ್ಯೆಯನ್ನೇ ನೋಡಬೇಕು. ಇಲ್ಲೆಲ್ಲ ದಶಮಾನದ ಸಂಖ್ಯೆಯನ್ನೇ ಕೊಟ್ಟಿದ್ದೇನೆ.

ನಾವು ಕೀಬೋರ್ಡ್‌ನಲ್ಲಿ ಒತ್ತುವ ಸ್ಪೇಸ್ 32. ಟ್ಯಾಬ್ 9. ಸಾಲು ಮುಗಿಯುವ ಗುರುತುಗಳು 10 ಮತ್ತು 13. ವೆಬ್ ಪುಟದಿಂದ ಕಾಪಿ ಮಾಡಿದಾಗ ಬರುವ ಸ್ಪೇಸ್ ಎಷ್ಟೋ ಸಲ 160. ನೋಡಲು 32ರ ಅವಳಿಯಂತೆ ಇರುತ್ತೆ, ಆದರೆ ಸಾಲು ಅಲ್ಲಿ ಮುರಿಯಬಾರದು ಅನ್ನುವ ಸ್ಪೇಸ್ ಅದು. ಎಕ್ಸೆಲ್‌ನ ಟ್ರಿಮ್ 32ನ್ನು ಮಾತ್ರ ಗುರುತಿಸುತ್ತೆ, 160ನ್ನು ಮುಟ್ಟುವುದಿಲ್ಲ. 'ಎಕ್ಸೆಲ್‌ನಲ್ಲಿ ಟ್ರಿಮ್ ಹಾಕ್ದೆ, ಆದ್ರೂ ಹೋಗ್ತಿಲ್ಲ' ಅನ್ನುವವರ ಕಷ್ಟ ಬಹುಪಾಲು ಇದೇ. ಜೊತೆಗೆ ಎಕ್ಸೆಲ್‌ನ ಟ್ರಿಮ್ ಪದಗಳ ನಡುವಿನ ಹೆಚ್ಚುವರಿ ಸ್ಪೇಸನ್ನೂ ಒಂದಕ್ಕೆ ಇಳಿಸುತ್ತೆ. ಪೈಥಾನ್, ಜಾವಾಸ್ಕ್ರಿಪ್ಟ್‌ನವು ನಡುವೆ ಕೈ ಹಾಕುವುದಿಲ್ಲ.

ಸೊನ್ನೆ ಅಗಲದ ಸ್ಪೇಸ್ ಅಂತ ಇನ್ನೊಂದಿದೆ, 8203. ಫೈಲಿನ ಮೊಟ್ಟಮೊದಲಿಗೆ ಕೂರುವ ಬಿಓಎಂ ಗುರುತು 65279. ಪೈಥಾನ್‌ನ ಸ್ಟ್ರಿಪ್ (ಎರಡೂ ತುದಿ ಸವರುವ ಮೆಥಡ್) 160ನ್ನು ತೆಗೆಯುತ್ತೆ, ಈ ಎರಡನ್ನು ತೆಗೆಯುವುದಿಲ್ಲ. ಜಾವಾಸ್ಕ್ರಿಪ್ಟ್‌ನ ಟ್ರಿಮ್ 160ನ್ನೂ 65279ನ್ನೂ ತೆಗೆಯುತ್ತೆ, 8203ನ್ನು ಬಿಡುತ್ತೆ. ನೆನಪಿಟ್ಟುಕೊಳ್ಳುವ ಗೋಜೇ ಬೇಡ. ನಿಮ್ಮ ಕಸದ ಗುಂಪನ್ನು ನೀವೇ ಬರೆದಿಟ್ಟುಕೊಳ್ಳಿ: 9, 10, 13, 32, 160, 8203, 65279. ಅದಕ್ಕೇ ಸ್ವಂತ ಫಂಕ್ಷನ್ ಬೇಕು ಅನ್ನುವುದು.

ಕನ್ನಡದಂಥ ಲಿಪಿಗಳಲ್ಲಿ ಬರುವ ಒಂದು ಕಾಟ 8204. ಒತ್ತಕ್ಷರ ಆಗದಂತೆ ತಡೆಯಲು ಹಲಂತದ ಪಕ್ಕ ಹಾಕುವ ಕಾಣದ ಗುರುತು ಇದು. 'ಪೆನ್‌ಡ್ರೈವ್' ಪದದ ನಡುವೆ ಇದೆ. ಅದು ಇಲ್ಲದಿದ್ದರೆ ನ್ ಕೆಳಗೆ ಡ್ರ ಒತ್ತಾಗಿ ಹೋಗುತ್ತೆ. ನಡುವೆ ಇದ್ದಾಗ ಇದು ಕಸ ಅಲ್ಲ, ಬೇಕಾದದ್ದು. ಆದರೆ 'ಮಂಜುನಾಥ್' ಅಂತ ಟೈಪ್ ಮಾಡಿ ನಿಲ್ಲಿಸಿದ ಮೇಲೂ ಕೊನೆಯಲ್ಲಿ ಇದು ಉಳಿದಿರುವುದುಂಟು. ಆಗ ಎರಡು ಮಂಜುನಾಥ್ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಇಬ್ಬರು. ಹಾಗಾಗಿ 8204 ಮತ್ತು ಅದರ ಜೊತೆಗಾರ 8205 ಇವೆರಡನ್ನೂ ಕಸದ ಗುಂಪಿಗೆ ಸೇರಿಸಿ. ನಾವು ಸವರುವುದು ತುದಿಯನ್ನು ಮಾತ್ರ ಆದ್ದರಿಂದ ನಡುವಿನದಕ್ಕೆ ಅಪಾಯ ಇಲ್ಲ. ಪೂರ್ತಿ ಪಠ್ಯದಿಂದ ರಿಪ್ಲೇಸ್ ಮಾಡಲು ಮಾತ್ರ ಹೋಗಬೇಡಿ.

ಇನ್ನೊಂದು ಸೂಕ್ಷ್ಮ. ಶ್ರೀ ಪದದ ಈ-ಕಾರವನ್ನು ಒಂದೇ ತುಂಡಾಗಿಯೂ ಬರೆಯಬಹುದು, ಇ-ಕಾರ ಮತ್ತು ದೀರ್ಘದ ಗುರುತು ಅಂತ ಎರಡು ತುಂಡಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಒಪ್ಪುತ್ತೆ. ನಿಮ್ಮ ಮುಂಪದ ಒಂದು ರೀತಿ, ಫೈಲಿನ ಹೆಸರು ಇನ್ನೊಂದು ರೀತಿ ಇದ್ದರೆ ಕೂಡುವುದಿಲ್ಲ. ಎನ್‌ಎಫ್‌ಸಿ ಅನ್ನುವ ಒಂದು ರೂಪಕ್ಕೆ ಎಲ್ಲವನ್ನೂ ಮೊದಲು ತಂದುಬಿಡಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲೂ, ಜಾವಾಸ್ಕ್ರಿಪ್ಟ್‌ನ ಸ್ಟ್ರಿಂಗ್‌ನಲ್ಲೂ ನಾರ್ಮಲೈಸ್ ಅಂತ ಇದಕ್ಕೆ ಸಿದ್ಧ ವ್ಯವಸ್ಥೆ ಇದೆ.

ಹಳೆಯ ನುಡಿ ಫಾಂಟಿನ ಫೈಲ್ ಬಂದಿದ್ದರೆ ಇದ್ಯಾವುದೂ ಕೆಲಸ ಮಾಡುವುದಿಲ್ಲ. ಅಲ್ಲಿ ಒಳಗಡೆ ಇರುವುದು ಇಂಗ್ಲಿಷ್ ಕೋಡ್‌ಗಳು, ಫಾಂಟ್ ಮಾತ್ರ ಕನ್ನಡ ತೋರಿಸುತ್ತೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಂಡು ಬನ್ನಿ.

ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು

ಪುಟ್ಟ ಫಂಕ್ಷನ್‌ಗಳು ಸಿದ್ಧವಾದ ಮೇಲೆ ಜೋಡಿಸುವುದು ಹೀಗೆ.

ಫಂಕ್ಷನ್ ಹೆಸರು_ಹಸನು(ಪಠ್ಯ):
    ಪಠ್ಯ ಇಲ್ಲವೇ ಇಲ್ಲ ಎಂದಾದರೆ: ಅದನ್ನು ಹಾಗೇ ಕೊಡು
    ಪಠ್ಯ = ಎನ್‌ಎಫ್‌ಸಿ ರೂಪಕ್ಕೆ ತಂದದ್ದು
    ಪಠ್ಯ = ಒಳಗಿನ 160ನ್ನೆಲ್ಲ 32 ಮಾಡಿದ್ದು
    ಪಠ್ಯ = ಸವರು(ಪಠ್ಯ, ಕಾಣದ ಕಸ)
    ಪ್ರತಿ ಮುಂಪದಕ್ಕೂ: ಪಠ್ಯ = ಮುಂಪದ_ತೆಗೆ(ಪಠ್ಯ, ಮುಂಪದ)
    ಪಠ್ಯ = ಸವರು(ಪಠ್ಯ, ಕಾಣದ ಕಸ ಮತ್ತು ಕಾಮಾ, ಚುಕ್ಕಿ)
    ಕೊಡು ಪಠ್ಯ

ಎರಡು ಸಲ ಸವರುವುದು ತಪ್ಪಲ್ಲ. ಮುಂದೆ ಒಂದು ಸ್ಪೇಸ್ ಇದ್ದರೂ ಮುಂಪದ ಕೂಡುವುದಿಲ್ಲ, ಅದಕ್ಕೆ ಮೊದಲ ಸಲ. 'ಶ್ರೀ.' ತೆಗೆದ ಮೇಲೆ ಒಂದು ಸ್ಪೇಸ್ ಉಳಿದಿರಬಹುದು, ಅದಕ್ಕೆ ಎರಡನೇ ಸಲ. ಚುಕ್ಕಿಯನ್ನು ಎರಡನೇ ಸಲಕ್ಕೆ ಮಾತ್ರ ಇಟ್ಟಿದ್ದೇನೆ. 'ತಾ.' ಎಂದು ಚುಕ್ಕಿಯಿಂದಲೇ ಮುಗಿಯುವ ಹಿಂಪದ ತೆಗೆಯಬೇಕಾದಾಗ, ಚುಕ್ಕಿಯನ್ನು ಮೊದಲೇ ಸವರಿಬಿಟ್ಟರೆ ಹಿಂಪದ ಗುರುತೇ ಸಿಗುವುದಿಲ್ಲ.

ಚುಕ್ಕಿಯ ಬಗ್ಗೆ ಇನ್ನೊಂದು ಅನುಮಾನ ನನಗೆ ಈಗಲೂ ಇದೆ. 'ನಿಂಗೇಗೌಡ ಎಂ.ಎನ್.' ಅಂತ ಇನಿಶಿಯಲ್ ಕೊನೆಗೆ ಬಂದರೆ ಆ ಚುಕ್ಕಿ ಕಸವೋ ಹೆಸರಿನ ಭಾಗವೋ? ತಾಳೆ ನೋಡಲು ತೆಗೆದರೆ ಒಳ್ಳೆಯದು, ಪ್ರಿಂಟಿಗೆ ಇಟ್ಟರೆ ಚಂದ. ನಾನು ಎರಡು ಕಾಲಂ ಮಾಡಿದೆ. ಬ್ಯಾಂಕ್ ಖಾತೆ ನಂಬರಿನ ಮುಂದಿನ ಸೊನ್ನೆಗಳ ಬಗ್ಗೆ ಮಾತ್ರ ಅನುಮಾನವೇ ಇಲ್ಲ. ಅವು ಕಸ ಅಲ್ಲ. ಸವರಬೇಡಿ.

ಪಿಎಚ್‌ಪಿ ಬಳಸುವವರಿಗೆ ಒಂದು ಎಚ್ಚರಿಕೆ. ಅದರ ಹಳೆಯ ಟ್ರಿಮ್ ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತೆ. ಯೂನಿಕೋಡ್ ಸಂಖ್ಯೆಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ತುಂಡಿಗೂ ಮೂರು ಬೈಟ್. ಎಲ್ಲದರ ಮೊದಲ ಬೈಟ್ 224, ಎರಡನೆಯದು 178 ಅಥವಾ 179. ಒಂದು ಕನ್ನಡ ಅಕ್ಷರವನ್ನು ಕಸ ಅಂತ ಕೊಟ್ಟರೆ, ಬೇರೆ ಅಕ್ಷರಗಳ ಬೈಟ್‌ಗಳನ್ನೂ ಕಿತ್ತು ಪ್ರಶ್ನಾರ್ಥಕ ಚಿಹ್ನೆ ಉಳಿಸುತ್ತೆ. 2024ರ ಪಿಎಚ್‌ಪಿ 8.4ರಲ್ಲಿ ಎಂಬಿ_ಟ್ರಿಮ್ ಬಂದಿದೆ, ಅದನ್ನು ಬಳಸಿ. ಜಾವಾದಲ್ಲಿ ಹಳೆಯ ಟ್ರಿಮ್ ಬದಲು 2018ರ ಜಾವಾ 11ರಿಂದ ಇರುವ ಸ್ಟ್ರಿಪ್ ಬಳಸುವುದು ಮೇಲು, ಅದಕ್ಕೆ ಯೂನಿಕೋಡ್‌ನ ಬೇರೆ ಬೇರೆ ಸ್ಪೇಸ್‌ಗಳು ಗೊತ್ತು. ಆದರೆ ಅಲ್ಲೂ 160 ಸಿಕ್ಕಿಬೀಳುವುದಿಲ್ಲ.

ಇಷ್ಟೇ ಅಕ್ಷರ ಸಾಕು ಅಂದಾಗ

ಸಂಘದ ಚೀಟಿ ಪ್ರಿಂಟರ್‌ನಲ್ಲಿ ಊರಿನ ಹೆಸರಿಗೆ ಜಾಗ ಕಡಿಮೆ. ಉದ್ದ ಹೆಸರನ್ನು ಕತ್ತರಿಸಬೇಕು. ಇದು ಕಸ ತೆಗೆಯುವುದಲ್ಲ, ಅಳತೆಗೆ ಕತ್ತರಿಸುವುದು. ಆದರೂ ಇದೇ ಪೆಟ್ಟಿಗೆಯ ಸಾಮಾನು.

'ಮಂಡ್ಯ' ನಮ್ಮ ಕಣ್ಣಿಗೆ ಎರಡು ಅಕ್ಷರ, ಯೂನಿಕೋಡ್‌ಗೆ ಐದು ತುಂಡು. 'ಮೈಸೂರು' ಮೂರು ಅಕ್ಷರ, ಆರು ತುಂಡು. 'ಶ್ರೀರಂಗಪಟ್ಟಣ' ಆರು ಅಕ್ಷರ, ಹನ್ನೆರಡು ತುಂಡು. ಹತ್ತಕ್ಕೆ ಕತ್ತರಿಸಿದರೆ 'ಶ್ರೀರಂಗಪಟ್' ಉಳಿಯುತ್ತೆ. ಯಾರೋ ಕಪಾಳಕ್ಕೆ ಹೊಡೆದ ಸದ್ದಿನ ಹಾಗೆ.

ಉಪಾಯ ಇಷ್ಟು. ಕತ್ತರಿಸುವ ಜಾಗಕ್ಕೆ ಹೋಗಿ ಎರಡು ಪ್ರಶ್ನೆ ಕೇಳಿ. ಮುಂದಿನ ತುಂಡು ಒಂಟಿಯಾಗಿ ನಿಲ್ಲಲಾರದ್ದೇ? ಹಿಂದಿನ ತುಂಡು ಹಲಂತವೇ? ಎರಡರಲ್ಲಿ ಒಂದಕ್ಕೆ ಹೌದು ಅಂತ ಬಂದರೂ ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಕೇಳಿ. ಒಂಟಿಯಾಗಿ ನಿಲ್ಲಲಾರದವು ಯಾವುವು ಅಂದರೆ: ಅನುಸ್ವಾರ 3202, ವಿಸರ್ಗ 3203, ಗುಣಿತಗಳು 3262ರಿಂದ 3276, ಹಲಂತ 3277, ದೀರ್ಘದ ಗುರುತುಗಳು 3285 ಮತ್ತು 3286. ಶ್ರೀರಂಗಪಟ್ಟಣದಲ್ಲಿ ಹತ್ತರಿಂದ ಒಂಬತ್ತಕ್ಕೆ, ಅಲ್ಲಿಂದ ಎಂಟಕ್ಕೆ ಬಂದು 'ಶ್ರೀರಂಗಪ' ಸಿಗುತ್ತೆ. ಊರು ಪೂರ್ತಿ ಅಲ್ಲ, ಆದರೆ ಓದಲು ಬರುತ್ತೆ.

ಈ ಸಂಖ್ಯೆಗಳ ಪಟ್ಟಿ ಇನ್ನೊಂದಕ್ಕೂ ಉಪಯೋಗ. ಸವರಿದ ಮೇಲೆ ಉಳಿದ ಪಠ್ಯದ ಮೊದಲ ತುಂಡು ಇವುಗಳಲ್ಲಿ ಒಂದಾಗಿದ್ದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಕನ್ನಡದ ಯಾವ ಹೆಸರೂ ದೀರ್ಘದಿಂದ ಶುರುವಾಗುವುದಿಲ್ಲ, ಅಲ್ವಾ? ಈ ಒಂದು ಪರೀಕ್ಷೆ ಇದ್ದಿದ್ದರೆ ಗೌಡರ ತಲೆ ಉಳಿಯುತ್ತಿತ್ತು. ರಮೇಶ ಮಾತ್ರ ತಪ್ಪಿಸಿಕೊಂಡು ಹೋಗುತ್ತಿದ್ದ, 'ಮೇಶ'ದಲ್ಲಿ ಮ ಸರಿಯಾಗಿಯೇ ಇದೆ.

ಸೋಗೆಯ ಗುಡ್ಡೆ ನೋಡಿ

ರಮೇಶನನ್ನು ಹಿಡಿಯಲು ಬೇರೆ ದಾರಿ ಬೇಕು. ಮೊದಲು ನಾಲ್ಕೈದು ಕಷ್ಟದ ಉದಾಹರಣೆಗಳನ್ನು ಬರೆದಿಟ್ಟು ಪ್ರತಿ ಬದಲಾವಣೆ ಆದಾಗಲೂ ಓಡಿಸಿ. ಖಾಲಿ ಸ್ಟ್ರಿಂಗ್ ಕೊಟ್ಟರೆ ಖಾಲಿ ಬರಬೇಕು. ಮೂರು ಸ್ಪೇಸ್ ಕೊಟ್ಟರೆ ಖಾಲಿ ಬರಬೇಕು. 'ಶ್ರೀ ರಮೇಶ' ಕೊಟ್ಟರೆ 'ರಮೇಶ', 'ಶ್ರೀನಿವಾಸ' ಕೊಟ್ಟರೆ ಹಾಗೇ 'ಶ್ರೀನಿವಾಸ', 'ಮದ್ದೂರು ತಾಲ್ಲೂಕು' ಕೊಟ್ಟರೆ ಕೊಂಬು ಸಮೇತ 'ಮದ್ದೂರು'. ಒಮ್ಮೆ ಹಸನು ಮಾಡಿದ್ದನ್ನು ಮತ್ತೆ ಕೊಟ್ಟರೂ ಅದೇ ಬರಬೇಕು.

ಆಮೇಲೆ ನಿಜವಾದ ಫೈಲ್. ಹಳೆಯ ಕಾಲಂ ಅಳಿಸಬೇಡಿ, ಪಕ್ಕದಲ್ಲಿ ಹೊಸದು ಮಾಡಿ. ಎಲ್ಲರೂ ಹೊಸ ಹೆಸರುಗಳನ್ನು ನೋಡುತ್ತಾ ಕೂರುತ್ತಾರೆ. ನಾನೂ ಹಾಗೇ ಮಾಡಿದ್ದು. ಅದರ ಬದಲು ಏನನ್ನು ಕತ್ತರಿಸಿದಿರಿ ಅನ್ನುವುದನ್ನು ಮೂರನೇ ಕಾಲಂಗೆ ಹಾಕಿ. ಕಬ್ಬು ಕಡಿದ ಮೇಲೆ ಸೋಗೆಯ ಗುಡ್ಡೆಯಲ್ಲಿ ಜಲ್ಲೆ ಸೇರಿದೆಯಾ ಅಂತ ನೋಡುವ ಹಾಗೆ.

ಸವರಿದ್ದು ಎಡ ಮತ್ತು ಬಲದಿಂದ ಮಾತ್ರ. ಹಾಗಾಗಿ ಲೆಕ್ಕ ಸುಲಭ. ಹಳೆಯ ಪಠ್ಯಕ್ಕೂ ಎನ್‌ಎಫ್‌ಸಿ ಮತ್ತು 160ರ ಹಂತ ಮಾಡಿ, ಅದರೊಳಗೆ ಹೊಸ ಪಠ್ಯ ಎಲ್ಲಿ ಶುರುವಾಗುತ್ತೆ ಹುಡುಕಿ. ಅದರ ಮುಂಚಿನದು ಎಡಗಡೆಯ ಕಸ, ಆಮೇಲಿನದು ಬಲಗಡೆಯ ಕಸ. ಎಷ್ಟು ಥರದ ಕಸ ಇದೆ, ಒಂದೊಂದೂ ಎಷ್ಟು ಸಲ ಬಂದಿದೆ ಅಂತ ಎಣಿಸಿ. ಪಟ್ಟಿಯಲ್ಲಿ ನೂರಾರು ಹೆಸರಿದ್ದರೂ ಕಸದ ಥರ ಹತ್ತು ಹದಿನೈದರ ಒಳಗೇ ಇರುತ್ತೆ. ಒಂದು ನಿಮಿಷದಲ್ಲಿ ಓದಿ ಮುಗಿಸಬಹುದು.

ನನ್ನ ಆ ಹಳೆಯ ಒಂದು ಸಾಲಿನ ಕೋಡ್‌ಗೆ ಈ ಎಣಿಕೆ ಹಾಕಿ ನೋಡಿದೆ. ಸ್ಪೇಸ್, 'ಶ್ರೀ ', ಇವುಗಳ ಕೆಳಗೆ 'ಶ್ರೀ ರ' ಮತ್ತು 'ಶ್ರೀ ಶ' ಎದ್ದು ಕಾಣುತ್ತಿದ್ದವು. ರಮೇಶನ ರ ಅಲ್ಲೇ ಬಿದ್ದಿತ್ತು.

ಹೊಸ ಫಂಕ್ಷನ್‌ಗಳ ಗುಡ್ಡೆಯಲ್ಲಿ ಅಂಥದ್ದು ಏನೂ ಸಿಗಲಿಲ್ಲ. ಪಟ್ಟಿ ಮತ್ತೆ ಪ್ರಿಂಟ್ ಮಾಡಿ ಕೊಟ್ಟೆ. ಕಾರ್ಯದರ್ಶಿ ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದುತ್ತಾ ಹೋದರು. 'ಎಲ್ಲ ಸರಿ ಐತೆ. ಆದ್ರೆ ಮಂಡ್ಯದೋರು ಎರಡು ಕಡೆ ಯಾಕವ್ರೆ?' ಅಂದರು. ನೋಡಿದರೆ ಊರಿನ ಎಣಿಕೆಯಲ್ಲಿ ಮಂಡ್ಯ ಎರಡು ಸಲ ಬಂದಿತ್ತು. ಒಂದು ಕಡೆ ಯಾರೋ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿ 'ಮ೦ಡ್ಯ' ಮಾಡಿದ್ದರು. ಅನುಸ್ವಾರ 3202, ಸೊನ್ನೆ 3302. ಅದು ತುದಿಯಲ್ಲಿ ಇಲ್ಲ, ಜಲ್ಲೆಯ ನಡುವೆ ಇದೆ. ಸವರಿದರೆ ಹೋಗುವುದಿಲ್ಲ. ಅದಕ್ಕೆ ಇನ್ನೊಂದು ಫಂಕ್ಷನ್ ಬರೆಯಬೇಕು, ಮುಂದಿನ ಶನಿವಾರ.